ಕೋಳಿಯ ಕುಲ ಕೇಳಿದ ಕಾಕಾ

ಕೋಳಿಯ ಮುತ್ತಜ್ಜ ಯಾರು ಎಂದು ಕೇಳಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಅವರ ಹಿಂದೆ ಕೈಚೀಲ ಹಿಡಿದುಕೊಂಡು ಕುಷ್ಟಗಿ, ಕೊಪ್ಪಳ, ಗಂಗಾವತಿ ಎಂದು ಅಲೆದಿದ್ದೇನೆ. ಅವರು ನಮ್ಮ ಕಾಕಾ. ಹೆಸರು ಹೇಳುವುದಿಲ್ಲ. ಹೇಳಿದರೆ ಯಲಬುರ್ಗಾದ ಕೋಳಿಗಳೆಲ್ಲ ಈಗಲೂ ಎದ್ದು ನಿಂತು ತಮ್ಮ ವಂಶಾವಳಿ ಒಪ್ಪಿಸಿಯಾವು!

ಕಾಕಾ ಯಲಬುರ್ಗಾದ ಕಚೇರಿಯಲ್ಲಿ ಮೂವತ್ತು ವರ್ಷ ಕಾರಕೂನಿಕೆ ಮಾಡಿ ಪಿಂಚಣಿ ಪಡೆದು ಮನೆಗೆ ಬಂದವರು. ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಕೆಲಸ ಮುಗಿದಿತ್ತು, ಆದರೆ ಕಚೇರಿಯ ಭಾಷೆ ನಾಲಗೆಯಿಂದ ಇಳಿಯಲಿಲ್ಲ. ಬದನೆಕಾಯಿ ಕೊಳ್ಳುವಾಗಲೂ ‘ತನಿಖೆ’ ಮಾಡುತ್ತಿದ್ದರು. ಕಾಕಿ ಸಾರಿಗೆ ಉಪ್ಪು ಮರೆತರೆ ‘ಜವಾಬು’ ಕೇಳುತ್ತಿದ್ದರು. ಕಾಕಿ ಜವಾಬು ಕೊಡುತ್ತಿದ್ದಳು. ಆ ಜವಾಬು ಕೇಳಿದ ಮೇಲೆ ಕಾಕಾ ಎರಡು ದಿನ ಉಪ್ಪಿಲ್ಲದೆಯೇ ಸುಮ್ಮನೆ ಉಣ್ಣುತ್ತಿದ್ದರು.

ಆ ವರ್ಷ ಬೇಸಗೆಯಲ್ಲಿ ಊರಿನ ಕೋಳಿಗಳಿಗೆ ರೋಗ ಬಂತು. ಬೆಳಗ್ಗೆ ಕಾಳು ಹೆಕ್ಕಿದ ಕೋಳಿ ಸಂಜೆಗೆ ಕುತ್ತಿಗೆ ತಿರುವಿ ಬೀಳುತ್ತಿತ್ತು. ಹತ್ತು ದಿನಗಳಲ್ಲಿ ಊರೊಳಗೆ ಹೆಸರಿಗೂ ಒಂದು ಹುಂಜ ಉಳಿಯಲಿಲ್ಲ. ಕಾಕಿಯ ಹದಿನೇಳು ಕೋಳಿಗಳಲ್ಲಿ ಬದುಕಿದ್ದು ಒಂದೇ ಒಂದು ಕರಿ ಕೋಳಿ. ಕಾಕಿಗೋ ಕೋಳಿಗಳೆಂದರೆ ಜೀವ. ಬೆಳಗ್ಗೆ ಎದ್ದು ಅವಕ್ಕೆ ಜೋಳದ ನುಚ್ಚು ಚೆಲ್ಲಿ, ಒಂದೊಂದರ ಜೊತೆಗೂ ಜಗಳವಾಡಿ, ಆಮೇಲೆಯೇ ಮುಖ ತೊಳೆಯುವವಳು. ಈಗ ಹಿತ್ತಲ ಬಾಗಿಲು ತೆಗೆಯುವುದನ್ನೇ ಕಡಿಮೆ ಮಾಡಿದಳು.

ಮುಂಗಾರಿನ ಎರಡು ಮಳೆ ಬಿದ್ದ ಮೇಲೆ ಆ ಕರಿ ಕೋಳಿ ಕಾವಿಗೆ ಬಂತು. ಮೂಲೆಯ ಬುಟ್ಟಿಯಲ್ಲಿ ಕುಳಿತದ್ದು ಏಳಲೊಲ್ಲದು. ಆದರೆ ಕುಳಿತು ಏನು ಮಾಡೀತು? ಹುಂಜವಿಲ್ಲದ ಊರಿನಲ್ಲಿ ಅದಿಟ್ಟ ತತ್ತಿಯಿಂದ ಮರಿ ಬರುವುದುಂಟೇ? ಕಾಕಿ ಗಂಡನ ಮುಂದೆ ಬಂದು ನಿಂತಳು.

“ಎಲ್ಲೆರೆ ಹುಂಜ ಇರೋ ಊರಿಂದ ಒಂದೊಂಬತ್ತು ತತ್ತಿ ತಂದು ಕೊಡ್ರಿ. ಕಾವು ಇಳಿಯೋದ್ರಾಗ ತರಬೇಕು ನೋಡ್ರಿ. ಇದೂ ಬರೇ ಎದ್ದು ಹೋತಂದ್ರ ಮುಗೀತು, ನಾ ಮತ್ತ ಕೋಳಿ ಸಾಕಂಗಿಲ್ಲ.”

“ಎಂಥಾ ತತ್ತಿ?”

“ಕೋಳಿ ತತ್ತಿ!”

“ಅಷ್ಟು ನನಗೂ ಗೊತ್ತೈತಿ. ನಸಲು ಯಾವುದು?”

ನಸಲು ಎಂದರೆ ತಳಿ. ಅಂದಿನವರೆಗೆ ನಮ್ಮ ಮನೆಯಲ್ಲಿ ಆ ಶಬ್ದ ಕುದುರೆ, ಎತ್ತುಗಳನ್ನು ದಾಟಿ ಕೆಳಗೆ ಇಳಿದಿರಲಿಲ್ಲ. ಕಾಕಾ ರುಮಾಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: “ಹಾಳು ನಸಲಿನವು ಇದ್ದುವು, ಅದಕ್ಕ ಸತ್ತುವು. ನೂಲಿನಂಗ ಸೀರಿ, ತಾಯಿಯಂಗ ಮಗಳು. ಈ ಸಲ ಅಸಲಿ ನಸಲು ತರತೀನಿ. ನೀ ನಡಬರಕ ಬಾಯಿ ಹಾಕಬ್ಯಾಡ.”

ಕಾಕಿ ಎರಡು ಬರಡು ತತ್ತಿಗಳನ್ನು ಕೋಳಿಯ ಕೆಳಗಿಟ್ಟು, ಅದು ಮನಸ್ಸು ಬದಲಿಸದಂತೆ ನೋಡಿಕೊಂಡಳು. ಕಾಕಾ ತನಿಖೆ ಶುರುಮಾಡಿದರು.

ಮೊದಲ ಮೂರು ದಿನ ಕಟ್ಟೆಯ ಮೇಲೆ ಕುಳಿತು ಯಾವ ನಸಲು ಎಂಬ ವಿಚಾರಣೆಯೇ ನಡೆಯಿತು. ಹೈದರಾಬಾದು ಕಂಡು ಬಂದ ಗೆಳೆಯರೊಬ್ಬರು ಅಸೀಲ್ ಕೋಳಿಯನ್ನು ಹೊಗಳಿದರು. ಎದೆ ನೋಡಿದರೆ ಪೈಲ್ವಾನ, ನಡಿಗೆ ನೋಡಿದರೆ ನವಾಬ! “ಅದು ಕುಸ್ತಿ ಹಿಡಿಯೋ ಜಾತಿ. ಮನ್ಯಾಗ ನಿಮ್ಮ ಕಾಕಿ ಒಬ್ಬಾಕಿ ಸಾಕು,” ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿ ಅದನ್ನು ವಜಾ ಮಾಡಿದರು. ಇನ್ನೊಬ್ಬರು ಬಿಳಿಯ ಇಂಗ್ಲಿಷ್ ಕೋಳಿಯ ಸುದ್ದಿ ತೆಗೆದರು. ದಿನಕ್ಕೊಂದು ತತ್ತಿಯಂತೆ! ಬಿಳಿಯದನ್ನು ಹದ್ದು ಒಂದು ಹರದಾರಿ ದೂರದಿಂದ ಕಂಡೀತು ಎಂದು ಅದೂ ವಜಾ. ಕುತ್ತಿಗೆಗೆ ಪುಕ್ಕವಿಲ್ಲದ ಒಂದು ಜಾತಿ ಉಂಟಲ್ಲ, ಬಿಸಿಲು ತಡೆಯಲು ಅದರಂಥದ್ದಿಲ್ಲ ಎಂದು ಮೂರನೆಯವರು ಹೇಳಿದಾಗ ಕಾಕಾ ಎದ್ದೇ ನಿಂತರು. “ಕುಬಸ ಹಾಕದ ಕೋಳಿ ಮರ್ಯಾದಸ್ತರ ಮನ್ಯಾಗ ತಿರಗತೈತೇನ್ರಿ?” ಎಂದರು.

ನಾಲ್ಕನೆಯ ದಿನ ಸವಾರಿ ಹನುಮಸಾಗರಕ್ಕೆ ಹೊರಟಿತು. ನಾನು ಆಗ ಯಲಬುರ್ಗಾದ ಶಾಲೆಯಲ್ಲಿ ಮಾಸ್ತರ. ಶಾಲೆಗೆ ರಜೆ ಇತ್ತು. ಅದು ನನ್ನ ದುರ್ದೈವ. ಅಲ್ಲಿ ಒಬ್ಬ ರೈತರ ಮನೆಯ ಕೆಂಪು ಕೋಳಿಗೆ ಸುತ್ತಲ ಹತ್ತು ಹಳ್ಳಿಯಲ್ಲಿ ಹೆಸರು. ಕಾಕಾ ಅದರ ರೆಕ್ಕೆ ಬಿಡಿಸಿ ನೋಡಿದರು, ಕಾಲಿನ ಬೆರಳು ಎಣಿಸಿದರು. ನಂತರ ಮನೆಯ ಮುದುಕಿಯ ವಿಚಾರಣೆ.

“ಇದರ ತಾಯಿ ಎಷ್ಟು ತತ್ತಿ ಇಡತಿತ್ತು?”

“ಇಡತಿತ್ತರೀ, ತನಗ ತಿಳದಷ್ಟು.”

“ತಂದಿ ಯಾವ ಹುಂಜ?”

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. “ಅಯ್ಯ ನಮ್ಮಪ್ಪ! ಓಣ್ಯಾಗ ಆರು ಹುಂಜ ಅದಾವ. ಯಾವುದಂತ ಆಣಿ ಮಾಡಿ ಹೇಳಲಿ?”

“ಹಂಗಾದ್ರ ಇದಕ್ಕ ಹುಟ್ಟಿನ ದಾಖಲೆನ ಇಲ್ಲ!” ಎಂದು ಕಾಕಾ ಎದ್ದುಬಿಟ್ಟರು. ಮುದುಕಿ ನನ್ನ ಕಡೆ ತಿರುಗಿ, “ಯಪ್ಪಾ, ನಿನಗ ಹೆಣ್ಣು ನೋಡುವಾಗೂ ಇಷ್ಟ ಕೇಳ್ಯಾರೇನು?” ಎಂದಳು. ಮುಂದಿನ ವರ್ಷಕ್ಕೆ ನಿಂತಿದ್ದ ನನ್ನ ಲಗ್ನ ಗೊತ್ತಾದದ್ದು ಕುಷ್ಟಗಿಯ ಬಸ್ ನಿಲ್ದಾಣದಲ್ಲಿ. ಬಸ್ಸು ಹೊರಡುವ ಮೊದಲೇ ಕಾಕಾ ಹುಡುಗಿಯ ತಂದೆಯ ಜೊತೆ ಮಾತು ಮುಗಿಸಿದ್ದರು.

ಮನೆಗೆ ಬಂದಾಗ ಕಾಕಿ ಬರಿಯ ಕೈ ನೋಡಿದಳು. “ಕೋಳಿ ಕುಂತು ವಾರ ಆತ್ರಿ. ಯಾವುದರೆ ತತ್ತಿ ತರ್ರಿ. ಪಕ್ಕದ ಹಳ್ಯಾಗ ಬೇಕಾದಷ್ಟು ಸಿಗತಾವ,” ಎಂದಳು. ಪಕ್ಕದ ಹಳ್ಳಿಯ ಕೋಳಿ! ಕಾಕಾ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ.

ಮರುದಿನ ಗಂಗಾವತಿಯ ಆಚೆ ಮರಳಿ ಎಂಬ ಹಳ್ಳಿಗೆ. ಭತ್ತದ ಗದ್ದೆಗಳ ಊರು. ಅಲ್ಲಿಯ ರೈತರೊಬ್ಬರ ಮನೆಯ ಹುಂಜವನ್ನು ನೋಡಿದೊಡನೆ ಕಾಕಾ ಚಪ್ಪಲಿ ಬಿಟ್ಟರು. ಬಂಗಾರದ ಕತ್ತು, ಹಸಿರು ಬಾಲ, ಜುಟ್ಟು ನೋಡಿದರೆ ತಹಶೀಲ್ದಾರರ ಜರಿ ರುಮಾಲು! ಆ ರೈತರು ತಮ್ಮಜ್ಜನ ಕಾಲದಿಂದಲೂ ಅದೇ ಸಂತಾನ ಸಾಕಿದ್ದೇವೆ ಎಂದದ್ದೇ ತಡ, ಕಾಕಾ ಎರಡು ತಾಸು ನಸಲಿನ ಮೇಲೆ ಭಾಷಣ ಮಾಡಿದರು. ರೈತರು ತಲೆಯಾಡಿಸಿದರು. ಆಮೇಲೆ ಕಾಕಾ ಒಂದೊಂದೇ ತತ್ತಿಯನ್ನು ಬಿಸಿಲಿಗೆ ಹಿಡಿದು, ಚೂಪಾದದ್ದು ಹುಂಜ, ದುಂಡಗಿದ್ದದ್ದು ಹೆಣ್ಣು ಎಂದು ನನ್ನ ಕಿವಿಯಲ್ಲಿ ಹೇಳುತ್ತ ವಿಂಗಡಿಸಿ, ಎರಡು ಹುಂಜ ಏಳು ಹೆಣ್ಣು, ಹೀಗೆ ಒಂಬತ್ತು ಆರಿಸಿ ಮನೆಯಾಕೆಯ ಕೈಗೆ ಕೊಟ್ಟರು. “ಭಾಳ ದೂರ ಒಯ್ಯಬೇಕು, ಜ್ವಾಕಿಂದ ಕಟ್ಟಿ ಕೊಡವಾ,” ಎಂದರು. ನಾವು ಊಟ ಮಾಡಿ ಎದ್ದಾಗ ಆಕೆ ತತ್ತಿಗಳನ್ನು ಭತ್ತದ ಹೊಟ್ಟು ತುಂಬಿದ ಪುಟ್ಟ ಬುಟ್ಟಿಯಲ್ಲಿಟ್ಟು, ಮೇಲೆ ಬಟ್ಟೆ ಕಟ್ಟಿ ಸಿದ್ಧ ಮಾಡಿದ್ದಳು. ಕಾಕಾ ಆಕೆಯನ್ನು ಬಾಯಿತುಂಬ ಹರಸಿದರು.

ಇನ್ನು ಆ ಪ್ರಯಾಣ! ಯುದ್ಧದ ಕಾಲ, ಪೆಟ್ರೋಲು ಇಲ್ಲ. ಇದ್ದಿಲು ಉರಿಸಿ ಓಡಿಸುವ ಬಸ್ಸು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ನೂಕಬೇಕು. ಎಲ್ಲರೂ ನೂಕುವಾಗ ಕಾಕಾ ಬುಟ್ಟಿಯನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಡೆದರು. ತಗ್ಗು ಬಂದರೆ ಒಳಗೆ ಎದ್ದು ನಿಂತರು, ಬುಟ್ಟಿ ಅಲುಗಬಾರದೆಂದು. “ಏ ಡ್ರೈವರ, ಸಾವಕಾಶ! ಒಳಗ ಜೀವ ಅದಾವ!” ಎಂದು ಕೊಪ್ಪಳದವರೆಗೂ ಕೂಗಿದರು. ಒಬ್ಬ ಹೆಂಗಸು ಪಾಪ, ಒಳಗೆ ಕೂಸು ಇದೆಯೆಂದು ತಿಳಿದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಕಾಕಾ ಕುಳಿತುಕೊಂಡರು, ತಪ್ಪು ತಿದ್ದಲಿಲ್ಲ.

ಮನೆಯಲ್ಲಿ ಕಾಕಿಗೂ ಬುಟ್ಟಿ ಮುಟ್ಟಲು ಅಪ್ಪಣೆಯಿಲ್ಲ. “ಅಸಲಿ ನಸಲು, ಮಂದಿ ಕೈ ಹತ್ತಬಾರದು,” ಎಂದು ಕಾಕಾ ತಾವೇ ಇದ್ದಿಲಿನಿಂದ ಗುರುತು ಹಾಕಿ, ಬರಡು ತತ್ತಿಗಳನ್ನು ತೆಗೆದು ಒಂಬತ್ತನ್ನೂ ಕೋಳಿಯ ಕೆಳಗೆ ಸರಿಸಿದರು. ಗುಡುಗಿಗೆ ಕೆಡಬಾರದೆಂದು ಬುಟ್ಟಿಯಲ್ಲಿ ಕಬ್ಬಿಣದ ಮೊಳೆ ಇಡುವುದು ನಮ್ಮ ಕಡೆಯ ವಾಡಿಕೆ. ಕಾಕಾ ಐದು ಮೊಳೆ ಇಟ್ಟರು, ಮೇಲೊಂದು ಮುರಿದ ಕುಡುಗೋಲು!

ಇಪ್ಪತ್ತೊಂದನೆಯ ದಿನ ಮರಿ ಬರಬೇಕು. ಕಾಕಾ ಸ್ನಾನ ಮಾಡಿ ಬುಟ್ಟಿಯ ಮುಂದೆ ಕುಳಿತರು. ಬರಲಿಲ್ಲ. ಇಪ್ಪತ್ತೆರಡು. “ಮರಳಿ ನೀರಿನ ಸೀಮಿ, ತಂಪು ಪ್ರಕೃತಿ, ಒಂದಿನ ಹೆಚ್ಚು ಹಿಡಿತೈತಿ.” ಇಪ್ಪತ್ತಮೂರು. “ದೊಡ್ಡ ಮನೆತನದವು. ಅವಸರ ಮಾಡೂದಿಲ್ಲ.” ಕಾಕಿ ಕೋಳಿಯ ಮೂತಿಯ ಮುಂದೆ ನೀರಿನ ಬಟ್ಟಲು ಹಿಡಿದುಕೊಂಡು ಕೂರುತ್ತಿದ್ದಳು.

ಇಪ್ಪತ್ತನಾಲ್ಕನೆಯ ದಿನ ಬೆಳಗ್ಗೆ ಮರಳಿಯ ಆ ರೈತರು ಎತ್ತು ಕೊಳ್ಳಲು ಈ ಕಡೆ ಬಂದವರು ನಮ್ಮ ಮನೆ ಹುಡುಕಿಕೊಂಡು ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು. ಏಳುವಾಗ ನಗುತ್ತ ಕೇಳಿದರು:

“ಸಾಹೇಬ್ರ, ತತ್ತಿ ರುಚಿ ಇದ್ದುವೇನ್ರಿ? ದೂರದ ದಾರಿ, ಹಸಿ ತತ್ತಿ ಒಡದಾವು ಅಂತ ನಮ್ಮಾಕಿ ಕುದಿಸಿ, ಆರಿಸಿ ಕಟ್ಟಿದ್ಲು. ಉಪ್ಪು ಬ್ಯಾರೆ ಕಟ್ಟಾಕ ಮರತೆ ಅಂತ ಇನ್ನೂ ಮರಗತಾಳ!”

ಎರಡು ತಾಸು ಭಾಷಣ ಮಾಡಿದ ಕಾಕಾ ‘ಕಾವಿಗೆ ಇಡುತ್ತೇವೆ’ ಎಂಬ ಒಂದು ಮಾತನ್ನು ಮಾತ್ರ ಆಡಿರಲಿಲ್ಲ! ಕಚೇರಿಯವರು, ತಿನ್ನುವ ತತ್ತಿಗೂ ಜಾತಿ ನೋಡುತ್ತಾರೆ ಎಂದು ಆ ಸಜ್ಜನರು ತಿಳಿದಿದ್ದರು. ದೂರ ಹೋಗುವ ಅತಿಥಿಗೆ ಬುತ್ತಿ ಕಟ್ಟದೆ ಕಳಿಸುವ ಮನೆಯೇ ಅವರದು? ಪಕ್ಕದ ಮನೆಯವನಿಗೆ ವಿಷಯ ತಿಳಿದು, “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ರೀ!” ಎಂದು ಗೋಡೆಯಾಚೆಯಿಂದಲೇ ಕೂಗಿದ.

ನನಗೆ ನಗು ತಡೆಯಲಾಗಲಿಲ್ಲ. ಕಾಕಾನಿಗೆ ಈಗ ಮೂರು ತಲೆಮಾರಿಗೆ ಸಾಲುವಷ್ಟು ಜವಾಬು ಸಿಗುತ್ತದೆ ಎಂದು ಕಾಯುತ್ತ ನಿಂತೆ. ಕಾಕಿ ಬಯ್ಯಲಿಲ್ಲ. ಹಿತ್ತಲಿಗೆ ಹೋಗಿ ಕೋಳಿಯನ್ನು ಮೆಲ್ಲಗೆ ಎತ್ತಿದಳು. ಹೊಟ್ಟೆಯ ಪುಕ್ಕವೆಲ್ಲ ಉದುರಿತ್ತು, ಜುಟ್ಟು ಬಿಳಿಚಿತ್ತು. ಕೈಯಲ್ಲಿದ್ದರೂ ಅದು ಬುಟ್ಟಿಯ ಕಡೆಗೇ ಕತ್ತು ಚಾಚುತ್ತಿತ್ತು. ಕಾಕಿ ಅದನ್ನು ತಿರುಗಿ ಅಲ್ಲೇ ಕೂರಿಸಿದಳು.

“ಇಷ್ಟು ದಿನ ಕುಂತೈತ್ರಿ, ಹೊಟ್ಟಿಗೆ ಇಲ್ಲದ,” ಎಂದಳು. “ಇದನ್ನ ಬರೇ ಗೂಡಿಂದ ಹ್ಯಾಂಗ ಎಬ್ಬಿಸ್ಲಿ? ನನ್ನ ಕೈಲೆ ಆಗಂಗಿಲ್ಲ.”

ಕಾಕಾ ರುಮಾಲು ಸುತ್ತಿ, ಕೋಲು ಹಿಡಿದು ಹೊರಟುಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಹೊತ್ತು ಇಳಿಯುವ ಮುಂಚೆ ಬಂದರು, ಬರಿತಲೆಯಲ್ಲಿ! ಮಲಗುವಾಗಲೂ ರುಮಾಲನ್ನು ತಲೆದಿಂಬಿನ ಮೇಲೆ ಮರ್ಯಾದೆಯಿಂದ ಇಡುವ ಮನುಷ್ಯ ಅದನ್ನು ಗಂಟು ಕಟ್ಟಿ ಕೈಯಲ್ಲಿ ಹಿಡಿದಿದ್ದರು. ಗಂಟು ಚಿಂವ್ ಚಿಂವ್ ಎನ್ನುತ್ತಿತ್ತು.

ಏಳು ಮರಿ. ಸುತ್ತಲ ಹಳ್ಳಿಗಳ ಗುಡಿಸಲು ಗುಡಿಸಲಿಗೆ ಹೋಗಿ, ಮೂವತ್ತು ವರ್ಷ ಮಂದಿಯನ್ನು ತಮ್ಮ ಮೇಜಿನ ಮುಂದೆ ನಿಲ್ಲಿಸಿಕೊಂಡವರು ಮಂದಿಯ ಬಾಗಿಲಲ್ಲಿ ತಾವು ನಿಂತು, ಇಲ್ಲೊಂದು ಅಲ್ಲೆರಡು ಬೇಡಿ ತಂದಿದ್ದರು. ಒಂದು ಕರಿದು, ಒಂದು ಬೂದಿ, ಮೂರು ಮಣ್ಣಿನ ಬಣ್ಣ, ಒಂದಕ್ಕೆ ಕಾಲು ಸೊಟ್ಟ. ಒಂದಂತೂ ಕುತ್ತಿಗೆಗೆ ಕೂದಲೆಳೆಯಷ್ಟೂ ಪುಕ್ಕವಿಲ್ಲದ್ದು! ಕಾಕಿ ಬುಟ್ಟಿಯ ಮೇಲೆ ಗೋಣಿಚೀಲ ಹೊದಿಸಿ ಕತ್ತಲು ಮಾಡಿದಳು. ಕಾಕಾ ಕೆಳಗಿನಿಂದ ಒಂದು ತತ್ತಿ ತೆಗೆದು ಒಂದು ಮರಿ ಸರಿಸಿದರು. ಕೋಳಿ ಬೇರೆಯವರ ಮರಿಯನ್ನು ಕುಕ್ಕಿ ಕೊಲ್ಲುವುದೂ ಉಂಟು. ನಾವು ಮೂವರೂ ಗೋಣಿಚೀಲದ ಅಂಚು ಎತ್ತಿ ಇಣುಕಿದೆವು. ಕೋಳಿ ಒಮ್ಮೆ ಬಗ್ಗಿ ಮರಿಯ ತಲೆಯನ್ನು ಕೊಕ್ಕಿನಿಂದ ಮುಟ್ಟಿತು. ಆಮೇಲೆ ಗಂಟಲಲ್ಲೇ ಕುರ್ ಎಂದು ರೆಕ್ಕೆ ಅಗಲಿಸಿತು. ಒಂದರ ಹಿಂದೆ ಒಂದು ಏಳೂ ಒಳಗೆ ಹೋದವು.

ನನ್ನ ಚೇಷ್ಟೆ ಎಲ್ಲಿ ಹೋಗಬೇಕು? “ಕಾಕಾ, ಇವು ಯಾವ ನಸಲು?” ಎಂದೆ.

ಕಾಕಾ ಬುಟ್ಟಿಯಿಂದ ಕಣ್ಣು ತೆಗೆಯಲಿಲ್ಲ. “ಅಕಿ ಕೇಳಿದ್ಲೇನು? ನೀ ಯಾಕ ಕೇಳ್ತಿ?” ಎಂದರು.

ನನ್ನ ನಗು ಅಲ್ಲಿಗೇ ನಿಂತಿತು. ನನ್ನ ಹೆತ್ತ ತಾಯಿ ತೀರಿದಾಗ ನಾನು ಎಂಟು ತಿಂಗಳ ಕೂಸು. ಕಾಕಾ ನನ್ನನ್ನು ಎತ್ತಿಕೊಂಡು ಬಂದು ಕಾಕಿಯ ಮಡಿಲಿಗೆ ಹಾಕಿದರಂತೆ. ಆಕೆಯ ಸ್ವಂತ ಕೂಸು ಹೋಗಿ ಆಗ ಹದಿನೈದು ದಿನವೂ ಆಗಿರಲಿಲ್ಲವಂತೆ. ಇದನ್ನು ನನಗೆ ಹೇಳಿದವರು ಓಣಿಯವರು. ಅವರಿಬ್ಬರೂ ಒಂದು ದಿನವೂ ಹೇಳಿದವರಲ್ಲ. ನಾನು ಆಕೆಯ ಹತ್ತಿರ ಸರಿದು ಕುಳಿತೆ.

“ಅವ್ವಾ,” ಎಂದೆ. ಅಲ್ಲಿಯವರೆಗೆ ಕಾಕಿ ಎಂದೇ ಕರೆದಿದ್ದೆ.

ಆಕೆ ತಿರುಗಿ ನೋಡಲಿಲ್ಲ. ಗೋಣಿಚೀಲದ ಅಂಚು ಸರಿಮಾಡುತ್ತ, ದಿನವೂ ಹಾಗೆ ಕರೆಸಿಕೊಂಡವಳಂತೆ, “ಏನೋ ತಮ್ಮಾ, ಹಸಿವಾತೇನು?” ಎಂದಳು.