ಭಟ್ಟರ ಸೈಕಲ್ಲಿಗೆ ಹೊಸ ಚಕ್ರ ಬೇಕೇ?

ಮಂತ್ರ ಹೇಳುವವನ ಬಾಳು ಬಹಳ ಗಂಭೀರ ಎಂದು ಜನ ತಿಳಿದಿದ್ದಾರೆ. ಅಲ್ಲ ಮಾರಾಯ್ರೆ. ಕುಂಬ್ಡಾಜೆಯ ಒಂದು ಸಣ್ಣ ದೇವಸ್ಥಾನದಲ್ಲಿ ಪೂಜೆ, ಸುತ್ತಿನ ಮನೆಗಳಲ್ಲಿ ಪೌರೋಹಿತ್ಯ, ಇಷ್ಟೇ ನನ್ನ ಕೆಲಸ. ಆದರೂ ವಾರಕ್ಕೊಂದು ಫಜೀತಿ ನನ್ನ ಮನೆ ಹುಡುಕಿಕೊಂಡು ಬರುತ್ತದೆ. ಗೇರ್ ಸೈಕಲ್ ತೆಗೆದ ವರ್ಷವಂತೂ ಅವು ಸಾಲು ಹಿಡಿದು ಬಂದವು.

ಸೈಕಲ್ ತೆಗೆದದ್ದು ಶೋಕಿಗಲ್ಲ. ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ ನಮ್ಮ ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಭಟ್ರೇ, ಮೂರು ತಿಂಗಳು ಟೈಮ್ ಕೊಡ್ತೇನೆ. ಪಾಯಸ ಬಿಡಿ, ಚೆನ್ನಾಗಿ ಬೆವರಿ. ಶುಗರ್ ಇಳಿಯದಿದ್ರೆ ಮತ್ತೆ ದಿನಾ ಸೂಜಿಯೇ." ಸೂಜಿ ಎಂದರೆ ನನಗೆ ಸಣ್ಣಂದಿನಿಂದಲೂ ಜೀವ ಹೋಗುವಷ್ಟು ಹೆದರಿಕೆ. ಪಾಯಸ ಎಂದರೆ ಅಷ್ಟೇ ಪ್ರೀತಿ. ಇವೆರಡರ ನಡುವೆ ಸಿಕ್ಕಿಬಿದ್ದವನು ಸೈಕಲ್ ಅಂಗಡಿಗೆ ಹೋದೆ.

ನಿಲ್ಲುವ ಚಕ್ರ, ಓಡುವ ಚಕ್ರ

ಬದಿಯಡ್ಕದ ಅಂಗಡಿಯ ಕಾಕ ಬಾಯಿ ತುಂಬ ಹೊಗಳಿ ಸೈಕಲ್ ಮಾರಿದರು. ದಪ್ಪ ಟಯರು, ಮುಂದೆ ಶಾಕ್, ಗೇರುಗಳ ಒಂದು ದೊಡ್ಡ ಸಂಸಾರ. ನಾನು ಪಂಚೆ ಎತ್ತಿಕಟ್ಟಿ ಇನ್ನೇನು ಹತ್ತಬೇಕು, ಆಗ ಹೇಳಿದರು: "ಭಟ್ರೇ, ಚಕ್ರ ಮಾತ್ರ ಬದಲಿಸಿ."

"ಈಗಷ್ಟೇ ಮಾರಿದ್ದಲ್ವಾ ಕಾಕ? ಚಕ್ರ ಹಾಳಾ?"

"ಹಾಳು ಅಲ್ಲ, ಭಾರ. ಅದು ಕಂಪೆನಿಯವರು ಸೈಕಲ್ ನಿಲ್ಲಲಿಕ್ಕೆ ಕೊಡುವ ಚಕ್ರ. ಓಡ್ಲಿಕ್ಕೆ ಬೇರೆ ಉಂಟು."

ಮಾಡಿನಿಂದ ನೇತಾಡುತ್ತಿದ್ದ ಒಂದು ಹಗುರ ಚಕ್ರವನ್ನು ಬೆರಳಿನಲ್ಲಿ ತಿರುಗಿಸಿ ತೋರಿಸಿದರು. ಕ್ರಯ ಕೇಳಿದ ಮೇಲೆ ನನಗೊಂದು ಚಾ ಬೇಕೇ ಬೇಕಾಯಿತು. ಎದುರಿನ ಹೋಟೆಲಿಗೆ ಹೋಗಿ ಸಕ್ಕರೆ ಹಾಕದ ಚಾ ಕುಡಿದು ಬಂದರೂ ಅದು ತಿರುಗುತ್ತಲೇ ಇತ್ತು. ನನಗೆ ಆಶ್ಚರ್ಯವೋ ಆಶ್ಚರ್ಯ. ನಾನು ಅತ್ತ ಹೋದಾಗ ಕಾಕ ಇನ್ನೊಮ್ಮೆ ತಿರುಗಿಸಿರಬಹುದು ಎಂದು ಹೊಳೆದದ್ದು ಮನೆಗೆ ಮುಟ್ಟಿದ ಮೇಲೆ.

ಮನೆಯ ತೀರ್ಪು

ಹೆಂಡತಿಗೆ ವಿಷಯ ಹೇಳಿದೆ. ಅವಳು ಮಜ್ಜಿಗೆ ಕಡೆಯುತ್ತಾ ಕೇಳಿದಳು, "ಹಗುರ ಚಕ್ರ ಹಾಕಿದ್ರೆ ಎಂತ ಆಗ್ತದೆ?"

"ಏರು ಹತ್ತುವಾಗ ಬೆವರು ಬರುವುದಿಲ್ಲ."

"ಡಾಕ್ಟ್ರು ಎಂತ ಮಾಡ್ಲಿಕ್ಕೆ ಹೇಳಿದ್ದು?"

"ಬೆವರ್ಲಿಕ್ಕೆ."

ಅವಳು ಕಡೆಗೋಲು ನಿಲ್ಲಿಸಿ ನನ್ನನ್ನೇ ನೋಡಿದಳು. ಮೂವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳಿಗೆ ಮಾತ್ರ ಬರುವ ನೋಟ ಅದು. "ನಿಮ್ಮ ಮಂಡೆ ಸಮ ಉಂಟಾ? ಇದಕ್ಕಿಂತ ಭಾರದ್ದು ಸಿಕ್ತದಾ ಅಂತ ಕೇಳಿ ಬನ್ನಿ."

ಬೆನ್ನ ಮೇಲಿನ ಗೆರೆ

ಮಳೆಗಾಲ ಶುರುವಾಯಿತು. ಈ ಜಾತಿಯ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ ಎನ್ನುವುದು ನನ್ನ ಬೆನ್ನಿಗೆ ಮೊದಲು ಗೊತ್ತಾದದ್ದು, ನನಗೆ ಆಮೇಲೆ. ಒಂದು ಮನೆಗೆ ಸತ್ಯನಾರಾಯಣ ಪೂಜೆಗೆ ಹೋದೆ. ದಪ್ಪ ಟಯರು ಎತ್ತಿ ಹಾರಿಸಿದ ಕೆಂಪು ಮಣ್ಣು ಪಂಚೆಯಿಂದ ಹೊರಟು ಶಾಲಿನ ಮೇಲೆ ಹಾದು ಕುತ್ತಿಗೆವರೆಗೆ ನೇರ ಗೆರೆ ಎಳೆದಿತ್ತು. ಮನೆಯ ಅಜ್ಜಿ ಗಾಬರಿಯಾಗಿ, "ಅಯ್ಯೋ ಭಟ್ರೇ, ಎಲ್ಲಿ ಬಿದ್ದದ್ದು?" ಎಂದರು.

"ಬಿದ್ದದ್ದಲ್ಲ ಅಜ್ಜಿ, ಬಂದದ್ದು."

ಯಜಮಾನರು ಒಳಗೆ ಹೋಗಿ ಹೊಸ ಪಂಚೆ ತಂದರು. "ಪೂಜೆ ಆದ ಮೇಲೆ ಕೊಡ್ಲಿಕ್ಕೆ ತೆಗೆದಿಟ್ಟದ್ದು. ಈಗಲೇ ಉಟ್ಕೊಳ್ಳಿ." ಉಟ್ಟೆ. ಪೂಜೆ ಮುಗಿಯಿತು. ಮುಗಿದ ಮೇಲೆ ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಪಾಪ, ಅವರು ಇನ್ನೊಂದು ಪಂಚೆ ಕೊಟ್ಟರು. ಆ ಮಳೆಗಾಲದಲ್ಲಿ ಹೋದ ಮನೆಯಲ್ಲೆಲ್ಲ ಹೀಗೇ ಆಯಿತು. ಇದು ಸರಿಯಲ್ಲ, ಸಪೂರ ಟಯರಿನ ಹೊಸ ಚಕ್ರವನ್ನಾದರೂ ಹಾಕಿಸುತ್ತೇನೆ ಎಂದೆ. ಹೆಂಡತಿ ಕಪಾಟಿನಲ್ಲಿ ಪಂಚೆ ಜೋಡಿಸುತ್ತಾ, "ಎಂತ ಅವಸರ? ಆಟಿ ತಿಂಗಳ ಮಳೆ ಕಳೆಯಲಿ" ಎಂದಳು.

ಏರಿನಲ್ಲಿ

ಇಲ್ಲೊಂದು ಗುಟ್ಟು ಹೇಳಬೇಕು. ಸೈಕಲ್ಲಿನಿಂದ ನನಗೆ ನಿಜವಾಗಿ ಆದ ಉಪಕಾರ ಬೆವರಲ್ಲ, ಓಟ. ಮೊದಲು ಯಾರದೋ ಜೀಪಿನಲ್ಲಿ ಹೋಗುತ್ತಿದ್ದೆ. ಡ್ರೈವರನ ಊಟ ಆಗದೆ ಜೀಪು ಹೊರಡುವುದಿಲ್ಲ, ಎದುರಿಗೆ ಪಾಯಸ ಬಂದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಈಗ ಮಂಗಳಾರತಿ ಆದ ಕೂಡಲೇ, "ದೇವಸ್ಥಾನದಲ್ಲಿ ಮಧ್ಯಾಹ್ನದ ಪೂಜೆ ಉಂಟು" ಎಂದು ಹೇಳಿ ಸೈಕಲ್ ಹತ್ತಿದರೆ ಆಯಿತು.

ಒಂದು ದಿನ ಒಂದು ಮನೆಯಿಂದ ಹಾಗೆ ಹೊರಟೆ. ಆ ಮನೆಯ ಗೇಟು ದಾಟಿದ ಕೂಡಲೇ ಮೂಗಿಗೆ ಮುಟ್ಟುವ ಏರು. ಎಲ್ಲಕ್ಕಿಂತ ಹಗುರದ ಗೇರಿಗೆ ಹಾಕಿದೆ. ಕಾಲು ಗಿರಗಿರ ತಿರುಗುತ್ತದೆ, ಸೈಕಲ್ ಇದ್ದಲ್ಲೇ ಉಂಟು. ಹಿಂದಿನಿಂದ "ಭಟ್ರೇ" ಎಂದು ಕೂಗು. ಮನೆಯ ಯಜಮಾನತಿ! ಅರುವತ್ತು ದಾಟಿದವರು. ಓಡಿದ್ದೂ ಅಲ್ಲ, ನಡೆದೇ ಬಂದು ನನ್ನ ಪಕ್ಕಕ್ಕೆ ಮುಟ್ಟಿದರು. ಕೈಯಲ್ಲಿ ಹಿಡಿಯಿರುವ, ಮುಚ್ಚಳ ಹಾಕಿದ ಸ್ಟೀಲಿನ ಪಾತ್ರೆ.

"ಕಡಲೆಬೇಳೆ ಪಾಯಸ. ನೀವು ತುಳಿಯಿರಿ, ನಿಲ್ಲಿಸ್ಬೇಡಿ. ಮೇಲೆವರೆಗೆ ನಾನು ಹಿಡ್ಕೊಳ್ತೇನೆ."

ಊರು ಸುದ್ದಿ ಮಾತಾಡುತ್ತಾ ಜೊತೆಗೇ ಏರು ಹತ್ತಿ, ಪಾತ್ರೆಯನ್ನು ಹ್ಯಾಂಡಲಿಗೆ ನೇತು ಹಾಕಿದರು. "ಪಾತ್ರೆ ತರ್ಲಿಕ್ಕೆ ಅವಸರ ಮಾಡ್ಬೇಡಿ" ಎಂದರು. "ಸೈಕಲ್ಲಿನಲ್ಲಿ ಅಲ್ವಾ ಬರುವುದು, ನಿಧಾನ ಆಗ್ತದೆ."

ತಜ್ಞರ ಸಲಹೆ

ಈ ಅವಮಾನ ಆದ ಮೇಲೆ ಚಕ್ರದ ವಿಷಯ ಡಾಕ್ಟ್ರನ್ನೇ ಕೇಳುವ ಎಂದು ಹೋದೆ. ಸಂಕೋಚದಿಂದಲೇ ಬಾಯಿ ಬಿಟ್ಟೆ. ಡಾಕ್ಟ್ರ ಮುಖ ಅರಳಿತು! ಅವರಿಗೂ ಸೈಕಲ್ಲಿನ ಹುಚ್ಚು, ಹದಿನೈದು ಜನರ ವಾಟ್ಸಾಪ್ ಗುಂಪು ಬೇರೆ ಉಂಟಂತೆ. ನನ್ನ ಬಿಪಿ ನೋಡುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದರು. ಸೈಕಲ್ಲಿನ ಮೂತಿ ಎತ್ತಿ ಚಕ್ರ ತಿರುಗಿಸಿ ಕಿವಿಕೊಟ್ಟು ಕೇಳಿದರು. ಬೆಂಚಿನಲ್ಲಿದ್ದ ರೋಗಿಗಳೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಡಾಕ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ಸ್ವರದಲ್ಲಿ ಹೇಳಿದರು, "ಬದಲಿಸ್ಲೇಬೇಕು ಭಟ್ರೇ. ತಡ ಮಾಡ್ಬೇಡಿ."

ಆಗಷ್ಟೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ಒಬ್ಬ ಅಜ್ಜ ಇಷ್ಟನ್ನೇ ಕೇಳಿ ನನ್ನ ಕೈಹಿಡಿದು ಸಮಾಧಾನ ಮಾಡಿದರು. "ಹೆದರ್ಬೇಡಿ. ಮಂಗಳೂರಿನಲ್ಲಿ ಈಗ ಎಲ್ಲವನ್ನೂ ಬದಲಿಸ್ತಾರೆ."

ಹೊಸ ಚಕ್ರ

ವೈದ್ಯರ ಮಾತಿಗೆ ಹೆಂಡತಿಯೂ ಎದುರಾಡಲಿಲ್ಲ. ಹೊಸ ಚಕ್ರ ಬಂತು. ಅದಕ್ಕೆ ನಟ್ಟು ಇಲ್ಲ, ಒಂದು ಹಿಡಿ ಮಾತ್ರ. ಹಿಡಿ ಎಳೆದು ನಾಲ್ಕು ಸುತ್ತು ತಿರುಗಿಸಿದರೆ ಇಡೀ ಚಕ್ರ ಕೈಗೆ ಬರುತ್ತದೆ. ಇದೆಂತದಕ್ಕೆ ಎಂದು ಕೇಳಿದರೆ, "ಸೌಕರ್ಯ" ಎಂದರು ಕಾಕ.

ಆಹಾ, ಆ ಚಕ್ರದ ಓಟವೇ! ಮಂಗಳಾರತಿಯ ಕರ್ಪೂರ ಆರುವ ಮೊದಲು ನಾನು ಏರಿನ ತಲೆಯಲ್ಲಿ. ಎಷ್ಟು ಬಗೆಯ ಪಾಯಸದಿಂದ ತಪ್ಪಿಸಿಕೊಂಡೆನೋ ದೇವರೇ ಬಲ್ಲ. ಹೊಟ್ಟೆ ಕರಗಿತು, ನಿದ್ದೆ ಚೆನ್ನಾಗಿ ಬಂತು, ನನಗೆ ನಿಜಕ್ಕೂ ಸಂತೋಷವಾಯಿತು. ಮೂರು ತಿಂಗಳು ಮುಗಿಯಿತು. ಸೋಮವಾರ ಬೆಳಿಗ್ಗೆ ರಕ್ತ ಪರೀಕ್ಷೆ, ಅದರ ಮೇಲೆ ಸೂಜಿಯ ತೀರ್ಮಾನ.

ಅದರ ಹಿಂದಿನ ದಿನ, ಆದಿತ್ಯವಾರ, ಕಾರಡ್ಕದಲ್ಲಿ ಅದೇ ಡಾಕ್ಟ್ರ ಹೊಸ ಮನೆಯ ಒಕ್ಕಲು, ಎಂದರೆ ಗೃಹಪ್ರವೇಶ. ಪೌರೋಹಿತ್ಯ ನನ್ನದೇ. ಇಲ್ಲಿಯಾದರೂ ಪಾಯಸದ ಉಪದ್ರ ಇಲ್ಲ ಎಂದು ಧೈರ್ಯವಾಗಿ ಹೋದೆ. ಹೋಮ ಚೆಂದದಲ್ಲಿ ಆಯಿತು. ಅಡಿಗೆಯ ಕಡೆಯಿಂದ ಹಲಸಿನ ಹಣ್ಣಿನ ಪಾಯಸದ ಪರಿಮಳ ತೇಲಿ ಬಂದದ್ದೇ ತಡ, ಆಶೀರ್ವಾದದ ಮಂತ್ರವನ್ನು ಸ್ವಲ್ಪ ಬೇಗವೇ ಹೇಳಿ ಅಂಗಳಕ್ಕೆ ಇಳಿದೆ.

ಸೈಕಲ್ ಇತ್ತು. ಮುಂದಿನ ಚಕ್ರ ಇರಲಿಲ್ಲ.

ಡಾಕ್ಟ್ರ ಅಮ್ಮ ಜಗಲಿಯಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು. "ಭಟ್ರು ಉಣ್ಣದೆ ಹೋದ್ರೆ ಹೊಸ ಮನೆಗೆ ಒಳ್ಳೆಯದಾ? ಚಕ್ರ ದೇವರ ಕೋಣೆಯಲ್ಲಿ ಉಂಟು. ಊಟ ಆಗಲಿ, ಕೊಡುವ."

"ನಿಮಗೆ ಅದನ್ನು ತೆಗೆಯಲಿಕ್ಕೆ ಹೇಗೆ ಬಂತಮ್ಮ?"

"ನನಗೆಂತ ಗೊತ್ತು? ಮಗ ತೆಗೆದುಕೊಟ್ಟ."

ಮಗ ಅವರ ಹಿಂದೆಯೇ ನಿಂತಿದ್ದರು. ಹೆಗಲಲ್ಲಿ ಶಾಲು, ಕೈಯಲ್ಲಿ ಪಾಯಸದ ಸೌಟು. ನಾನು ಅಳುವ ಸ್ವರದಲ್ಲಿ, "ಡಾಕ್ಟ್ರೇ, ನಾಳೆ ಟೆಸ್ಟು ಅಲ್ವಾ!" ಎಂದೆ.

ಡಾಕ್ಟ್ರು ಅಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು. ಸ್ವರ ಇಳಿಸಿ ಹೇಳಿದರು: "ಟೆಸ್ಟು ಆಚೆ ವಾರ ಇಟ್ಕೊಳ್ಳುವ ಭಟ್ರೇ. ಈಗ ಬನ್ನಿ, ಬಾಳೆಲೆ ಹಾಕಿ ಆಯ್ತು."