ಜರ್ಮನಿಗೆ ಹೊರಟವರೂ ಹಿಂದೆ ಬಂದವರೂ

ಎಂಬಿಎ ಹುಡುಗರನ್ನು ಪರದೇಶಕ್ಕೆ ಕಳಿಸುವ ಕಾಲೇಜು ಆಫೀಸಿನಲ್ಲಿ ದೆವ್ವಕ್ಕೇನು ಕೆಲಸ ಅಂತ ನೀವು ಕೇಳಬಹುದು. ಮೈಸೂರಿನಿಂದ ಚೆನ್ನೈಗೆ ಬಂದು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಕೇಳಿದ್ದೆ. ಈಗ ಕೇಳುವುದಿಲ್ಲ.

ನಮ್ಮ ಕಾಲೇಜು ಇರುವುದು ತ್ರಿಪ್ಲಿಕೇನ್‌ನ ಒಂದು ಹಳೇ ಬಂಗಲೆಯಲ್ಲಿ. ಸಮುದ್ರದ ಗಾಳಿಗೆ ಅಲ್ಲಿಯ ಬಾಗಿಲುಗಳು ತಾವಾಗಿ ತೆರೆದುಕೊಳ್ಳುತ್ತವೆ. ಗಾಳಿ ಇಲ್ಲದ ದಿನವೂ ತೆರೆದುಕೊಳ್ಳುತ್ತವೆ. ವರ್ಷಕ್ಕೊಂದು ತಂಡ ಇಲ್ಲಿಂದ ‘ಜಾಗತಿಕ ನಾಯಕತ್ವ’ ಕಲಿಯಲು ಜರ್ಮನಿಗೆ ಹೋಗುತ್ತದೆ. ತಯಾರಿ ನನ್ನದು ಮತ್ತು ನಮ್ಮ ಪ್ರೊಫೆಸರರದು. ಅವರ ಮನೆತನ ತಲೆಮಾರುಗಳ ಹಿಂದೆ ಮೇಲುಕೋಟೆ ಕಡೆಯಿಂದ ಮದ್ರಾಸಿಗೆ ಬಂದದ್ದು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತಮಿಳಿನಲ್ಲಿ ಮುಗಿಸುತ್ತಾರೆ.

ನಗಬಾರದ ಫೋಟೊ

ವೀಸಾ ಫೋಟೊದಲ್ಲಿ ನಗಬಾರದು, ಹಲ್ಲು ಕಾಣಬಾರದು, ನೆಟ್ಟಗೆ ನೋಡಬೇಕು. ಈ ವರ್ಷದ ತಂಡದ ಲೀಡರ್ ಹುಡುಗ ಭಾರಿ ಧೈರ್ಯವಂತ ಅಂತ ಹೆಸರು ಮಾಡಿದವನು. ತನ್ನ ವೀಸಾ ಫೋಟೊ ತನಗೇ ತುಂಬಾ ಹಿಡಿಸಿ, ಅದನ್ನು ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸಿದ. ಗೋಡೆಯಲ್ಲಿ ಮೊಳೆ ಇರಲಿಲ್ಲವಾಗಿ ಅವರಮ್ಮ ಅದನ್ನು ದೇವರ ಗೂಡಿನ ಪಕ್ಕ ಒರಗಿಸಿಟ್ಟರಂತೆ.

ಅಂದು ಮಧ್ಯಾಹ್ನ ಇವನು ಮನೆಗೆ ಹೋದರೆ ಒಳಗೆ ಮಬ್ಬುಗತ್ತಲು. ಫೋಟೊದ ಮುಂದೆ ದೀಪ. ಫೋಟೊಕ್ಕೆ ಮಲ್ಲಿಗೆ ಹಾರ. ಎದುರಿಗೆ ಅಜ್ಜಿ ನೆಲದ ಮೇಲೆ ಕೂತು ಹಿಂದೆ ಮುಂದೆ ತೂಗುತ್ತಿದ್ದಾರೆ. ತನ್ನ ಫೋಟೊಕ್ಕೇ ದೀಪ ಇಟ್ಟದ್ದನ್ನು ಕಂಡು ಹುಡುಗ ಹೊಸ್ತಿಲಲ್ಲೇ ನಿಂತ. ಅಜ್ಜಿ ನಿಧಾನಕ್ಕೆ ತಲೆಯೆತ್ತಿದರು. ಮೊಮ್ಮಗನನ್ನು ನೋಡಿದರು, ಫೋಟೊ ನೋಡಿದರು. ಮತ್ತೆ ಮೊಮ್ಮಗನನ್ನು ನೋಡಿ ಸಣ್ಣ ದನಿಯಲ್ಲಿ ಕೇಳಿದರು:

“ನನ್ನ ಕರ್ಕೊಂಡು ಹೋಗಕ್ಕೆ ಬಂದ್ಯಾ ಮಗಾ?”

“ಇಲ್ಲ ಅಜ್ಜಿ, ಊಟಕ್ಕೆ ಬಂದೆ.”

ನಿಂತವರಿಗೆ ಕುರ್ಚಿ

ಹೋಗುವ ಮೊದಲು ಅಲ್ಲಿನ ವಿದ್ಯಾರ್ಥಿಗಳ ಜೊತೆ ವಿಡಿಯೊ ಮೀಟಿಂಗ್ ಇಟ್ಟಿದ್ದೆವು. ಹುಡುಗರೆಲ್ಲ ಅವರವರ ಮನೆಯಿಂದ, ನಾನು ಮತ್ತು ಪ್ರೊಫೆಸರ್ ಮಾತ್ರ ಆಫೀಸಿನಿಂದ. ನಮ್ಮ ಬೆನ್ನ ಹಿಂದೆ ಬರೀ ಗೋಡೆ. ತೇವ ಹಿಡಿದು ಸುಣ್ಣ ಉದುರುವ ಗೋಡೆ.

ಎಲ್ಲ ಚೆನ್ನಾಗೇ ನಡೆಯುತ್ತಿತ್ತು. ನಡುವೆ ಒಬ್ಬ ಜರ್ಮನ್ ಹುಡುಗಿ ಬಹಳ ವಿನಯದಿಂದ ಇಂಗ್ಲಿಷಿನಲ್ಲಿ ಕೇಳಿದಳು: “ಮೇಡಂ, ನಿಮ್ಮ ಹಿಂದಿರುವ ವಯಸ್ಸಾದ ಹೆಂಗಸು ಆಗಿನಿಂದ ನಿಂತೇ ಇದ್ದಾರೆ. ಅವರಿಗೆ ಕುರ್ಚಿ ಕೊಡಬಹುದಲ್ಲ?”

ನಾನು ತಿರುಗಿ ನೋಡಿದೆ. ಗೋಡೆ. ನಮ್ಮ ಪರದೆಯಲ್ಲೂ ಗೋಡೆಯೇ. ನನ್ನ ಕತ್ತಿನ ಹಿಂದೆ ಮಾತ್ರ ಯಾರೋ ತಣ್ಣಗೆ ಉಸಿರು ಬಿಟ್ಟ ಹಾಗಾಯಿತು. ಪ್ರೊಫೆಸರರು ತಿರುಗಲೇ ಇಲ್ಲ. ತುಟಿ ಅಲ್ಲಾಡಿಸದೆ, “ಕುರ್ಚಿ ಹಾಕಿಬಿಡು ಮಾ. ಯಾರು ಅಂತ ಅಪ್ಪುರಂ ಪಾಕಲಾಂ,” ಅಂದರು. ಆಮೇಲೆ ನೋಡೋಣ ಅಂತ! ಕುರ್ಚಿ ಎಳೆದು ಹಾಕಿದೆ.

“ಥ್ಯಾಂಕ್ಯೂ,” ಅಂದಳು ಜರ್ಮನ್ ಹುಡುಗಿ. “ಕೂತರು.”

ಮಿಕ್ಕ ಮೀಟಿಂಗನ್ನು ಪ್ರೊಫೆಸರರೂ ನಾನೂ ಬಾಗಿಲಾಚೆಯಿಂದ ನಡೆಸಿದೆವು.

ಕೊನೆಯವಳು

ತಂಡದಲ್ಲಿ ಒಬ್ಬಳು ಮೆತ್ತಗಿನ ಹುಡುಗಿ ಇದ್ದಳು. ಮನೆಮಾತು ಕನ್ನಡವಾದರೂ ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ; ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಅದೂ ಕೇಳಿಸಿದರೆ ಉಂಟು. “ನನ್ನ ಮಾತು ಯಾರೂ ಕೇಳಲ್ಲ ಮೇಡಂ, ಹೆಸರು ತೆಗೆದುಬಿಡಿ,” ಅಂತ ತಯಾರಿಯ ಒಂದು ದಿನ ಬೆಳಿಗ್ಗೆ ತಮಿಳಿನಲ್ಲೇ ಹೇಳುತ್ತ, ಕಣ್ಣಲ್ಲಿ ನೀರು ಹಾಕಿಕೊಂಡು ಬಂದಿದ್ದಳು. “ಇವತ್ತಿನ ಆಟವೊಂದು ಮುಗಿಸಿ ಹೇಳು,” ಅಂತ ತಡೆದಿದ್ದೆ.

ಆಟ ಅಂದರೆ ನಂಬಿಕೆಯ ನಡಿಗೆ. ಎಲ್ಲರ ಕಣ್ಣಿಗೂ ಬಟ್ಟೆ. ಮುಂದಿನವರ ಹೆಗಲ ಮೇಲೆ ಕೈಯಿಟ್ಟು, ಬಂಗಲೆಯ ಉದ್ದನೆಯ ಕಾರಿಡಾರಿನಲ್ಲಿ ಲೀಡರ್ ಹಿಂದೆ ಸಾಲಾಗಿ ನಡೆಯಬೇಕು. ಸಾಲಿನ ತುದಿಯಲ್ಲಿ ಈ ಹುಡುಗಿ. ನಾನೂ ಪ್ರೊಫೆಸರರೂ ಆಚೆ ಕೊನೆಯಲ್ಲಿ ನಿಂತಿದ್ದೆವು.

ಕಾರಿಡಾರಿನ ನಡುವೆ ಅವಳ ದನಿ ಬಂತು, ತಮಿಳಿನಲ್ಲೇ: “ಮೇಡಂ, ನನ್ನ ಹಿಂದಿರೋರು ತುಂಬಾ ತಳ್ತಿದಾರೆ. ಕೈ ಬೇರೆ ಐಸ್ ಥರ ಇದೆ.”

ಅವಳ ಹಿಂದೆ ಯಾರೂ ಇರಲಿಲ್ಲ.

ಲೀಡರ್ ಕಣ್ಣಿನ ಬಟ್ಟೆ ಸರಿಸಿ ಹಿಂದೆ ನೋಡಿದ. ಅಷ್ಟೇ. “ಅಮ್ಮಾ!” ಅಂದವನು ನಮ್ಮಿಬ್ಬರ ನಡುವೆ ತೂರಿಕೊಂಡು ರಸ್ತೆಗೇ ಓಡಿದ. ಅವನ ಹಿಂದೆ ಬಟ್ಟೆ ಕಿತ್ತೆಸೆದು ಮಿಕ್ಕವರೆಲ್ಲ. ಹುಡುಗಿಗೆ ಏನೂ ಗೊತ್ತಿಲ್ಲ. ಕಟ್ಟಿದ ಕಣ್ಣಲ್ಲೇ ಹಿಂದಕ್ಕೆ ತಿರುಗಿ ಗದರಿದಳು: “ತಳ್ಳಾದೀಂಗ! ಮೆದುವಾ ವಾಂಗ!” ತಳ್ಳಬೇಡಿ, ಮೆಲ್ಲಗೆ ಬನ್ನಿ ಅಂತ. ಒಂದು ಹೆಜ್ಜೆ ಇಟ್ಟು ನೋಡಿ, “ಹಾಂ, ಅಪ್ಪಡಿ,” ಹಾಗೆ ಬನ್ನಿ ಅಂತ ಮೆಚ್ಚಿ, ಗೋಡೆ ತಡವುತ್ತ ಒಂದೇ ಹದದಲ್ಲಿ ನಡೆದು ನಮ್ಮ ಮುಂದೆ ಬಂದು ನಿಂತಳು.

ಪ್ರೊಫೆಸರರ ಹಣೆಯಲ್ಲಿ ಬೆವರು. “ನೀನೇ ಮಾ ಇನ್ನು ಲೀಡರ್,” ಅಂದರು.

ಹುಡುಗಿ ಬಟ್ಟೆ ಬಿಚ್ಚಿದಳು. ನಾವಿಬ್ಬರು ಬಿಟ್ಟರೆ ಮುಂದೆ ಯಾರೂ ಇಲ್ಲ. ಹಿಂದೆಯೂ ಇಲ್ಲ. ಮುಖ ಬೆಳ್ಳಗಾಯಿತು. ಅವಳ ಒಂದು ಕೈ ಮೆಲ್ಲಗೆ ತನ್ನ ಹೆಗಲಿಗೆ ಹೋಯಿತು. ಮೊದಲ ಬಾರಿಗೆ ಸ್ಪಷ್ಟ ಕನ್ನಡದಲ್ಲಿ ಹೇಳಿದಳು:

“ಸರ್, ಹಾಗಾದ್ರೆ ಇವರಿಗೂ ಒಂದು ವೀಸಾ ಮಾಡಿಸಿ. ತಂಡದಲ್ಲಿ ನನ್ನ ಮಾತು ಕೇಳಿದ್ದು ಇವರೊಬ್ಬರೇ.”