ಹೊಸ ಮುಖದ ಪಿಕಪ್ಪು

ಎದುರಿಗೆ ಬಂದ ಮನುಷ್ಯರ ಮುಖ ನನಗೆ ನೆನಪಿರುವುದಿಲ್ಲ. ವಾಹನಗಳ ಮುಖ ಮಾತ್ರ ಒಮ್ಮೆ ನೋಡಿದರೆ ಸಾಯುವತನಕ ಮರೆಯುವುದಿಲ್ಲ. ಇದು ಗುಣವೋ ದೋಷವೋ ನಾನರಿಯೆ. ಮದುವೆ ಮನೆಯಲ್ಲಿ ಯಾರಾದರೂ ಹೆಗಲ ಮೇಲೆ ಕೈ ಹಾಕಿ, "ಗುರುತ ಹತ್ತಲಿಲ್ಲೇನು?" ಎಂದರೆ ನಾನು ಹಲ್ಲು ಕಿರಿದು, ಊಟ ಆಯಿತೇ ಎಂದು ಕೇಳಿ, ಮೆಲ್ಲಗೆ ಜಾರಿಕೊಳ್ಳುತ್ತೇನೆ. ಆಮೇಲೆ ಅವರು ಹೊರಗೆ ಬಂದು ತಮ್ಮ ಟೆಂಪೊ ಹತ್ತುವುದನ್ನು ಕಂಡ ಕೂಡಲೇ, ಅಯ್ಯೋ, ಇವರು ಕವಲಾಪುರದವರಲ್ಲವೇ, ಬಲಗಡೆಯ ದೀಪ ಒಡೆದ ಟೆಂಪೊದವರು ಎಂದು ನೆನಪಾಗುತ್ತದೆ. ಓಡಿಹೋಗಿ ಮಾತಾಡಿಸೋಣವೆಂದರೆ ಟೆಂಪೊ ಹೊರಟಿರುತ್ತದೆ. ನನ್ನ ಹೆಂಡತಿ ಶೈಲಾ ಇದನ್ನು ನೋಡಿ ನೋಡಿ ಬೇಸತ್ತು, "ನನಗೂ ಒಂದ ನಂಬರ್ ಪ್ಲೇಟ್ ಹಚ್ಚಸ್ರಿ. ಸಂತ್ಯಾಗ ಕಳಕೊಂಡ್ರ ಹುಡಕಾಕರೆ ಬರ್ತೈತಿ" ಎನ್ನುತ್ತಾಳೆ.

ನಮ್ಮದು ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಸಿನದ ಅಂಗಡಿ. ಅಜ್ಜ ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ತಕ್ಕಡಿ ಹಿಡಿದವನು. ಹೀಗಾಗಿ ಮನೆಯಲ್ಲಿ ಕನ್ನಡ, ಗಿರಾಕಿಯ ಜೊತೆ ಮರಾಠಿ, ಸಿಟ್ಟು ಬಂದಾಗ ಎರಡೂ. ಅಂಗಡಿಯ ಮಾಲನ್ನು ಗುರುವಾರಕ್ಕೊಮ್ಮೆ ಮಿರಜಿನ ಕಿರಾಣಿ ಅಂಗಡಿಗಳಿಗೆ ಮುಟ್ಟಿಸುವುದು ನಮ್ಮ ಪದ್ಧತಿ. ಅದಕ್ಕಾಗಿ ಅಪ್ಪ ಕೊಂಡಿದ್ದ ಒಂದು ಬಿಳಿ ಪಿಕಪ್ ಇತ್ತು. ಅಪ್ಪ ಹೋದ ಮೇಲೆ ಅದನ್ನು ನಡೆಸುವ ಭಾಗ್ಯ ನನ್ನ ಪಾಲಿಗೆ ಬಂತು. ಗಾಡಿಗೆ ವಯಸ್ಸಾಗಿತ್ತು. ಮಿರಜ ರಸ್ತೆಯಲ್ಲಿ ಏರು ಎನ್ನುವಂಥದ್ದೇನೂ ಇಲ್ಲ, ಆದರೂ ಅದು ಅಲ್ಲಲ್ಲಿ ನಿಂತು ದಮ್ಮು ತೆಗೆದುಕೊಳ್ಳುತ್ತಿತ್ತು. ಹೊಸದು ಕೊಳ್ಳಲೇಬೇಕು ಎಂದು ಮನೆಯಲ್ಲಿ ಮಾತಾಯಿತು. ಹೊರಗೆ ದುಃಖದ ಮುಖ ಮಾಡಿಕೊಂಡು ಒಳಗೊಳಗೆ ಹಾಲು ಕುಡಿದಷ್ಟು ಸಂತೋಷಪಟ್ಟವನು ನಾನೊಬ್ಬನೇ.

ಅದೇ ಹೊತ್ತಿಗೆ ಸರಿಯಾಗಿ, ದೊಡ್ಡ ಅಳತೆಯ ಪಿಕಪ್ ಮಾಡುವ ಎರಡು ಕಂಪನಿಗಳು ಪೈಪೋಟಿಗೆ ಬಿದ್ದು ತಮ್ಮ ಗಾಡಿಗಳಿಗೆ ಹೊಸ ಮುಖ ಕೊಟ್ಟವು. ಮೊದಲನೆಯದಕ್ಕೆ ಎದುರಿಗೆ ಅಗಲವಾದ ಹೊಳೆಯುವ ಜಾಳಿ, ಅಂದರೆ ಗ್ರಿಲ್ಲು, ಬಂತು. ಎರಡನೆಯದರ ಗುಂಡು ದೀಪಗಳು ಹೋಗಿ, ಓರೆಯಾದ ಸಣ್ಣ ಕಣ್ಣುಗಳು ಬಂದವು. ಎಂಜಿನ್ ಅದೇ, ಹಿಂದೆ ಮಾಲು ತುಂಬುವ ತೊಟ್ಟಿ ಅದೇ, ಹೊರುವ ಭಾರವೂ ಅದೇ. ಪಕ್ಕದ ಬೆಲ್ಲದ ಅಂಗಡಿಯ ಶಿವಲಿಂಗ ಕಾಕಾ ಇದನ್ನು ನೋಡಿ, "ಸಂಚಾಲಕ ಮಂಡಳಿ ಅದ ಇಟಗೊಂಡು ಸೊಸೈಟಿ ಬೋರ್ಡಿಗೆ ಬಣ್ಣಾ ಹೊಡದಂಗಾತು" ಎಂದರು. ಕಾಕಾ ಮಾತಾಡಿದರೆ ಅದರಲ್ಲಿ ಸೊಸೈಟಿ ಬರಲೇಬೇಕು. ಅವರು ಸಾಲ ಕೊಡುವ ಒಂದು ಸಹಕಾರಿ ಪತಪೇಢಿಯ ಸಂಚಾಲಕರು. ನಮ್ಮ ಜಿಲ್ಲೆಯಲ್ಲಿ ಇದೇನೂ ದೊಡ್ಡ ಮಾತಲ್ಲ. ಸಕ್ಕರೆಯೋ ಹಾಲೋ ಬ್ಯಾಂಕೋ, ಯಾವುದಾದರೂ ಒಂದು ಮಂಡಳಿಯಲ್ಲಿ ಕುರ್ಚಿ ಹಿಡಿಯದ ಗಂಡಸು ಇಲ್ಲಿ ಸಿಗುವುದು ಕಷ್ಟ. ಆ ಚಟ ಎಂಥದ್ದೆಂದರೆ, ನಾಲ್ಕು ಜನ ಭಜಿ ತಿನ್ನಲು ಕೂತರೂ ಒಬ್ಬ ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು, ಆಮೇಲೆ ಬಾಣಲೆಗೆ ಎಣ್ಣೆ ಬೀಳಬೇಕು.

ಹೀಗಿರುವಾಗ ನನ್ನ ಪಿಕಪ್ಪಿನ ವಿಚಾರ ನನ್ನೊಬ್ಬನದಾಗಿ ಉಳಿಯುವುದುಂಟೇ? ಸಂಜೆಯ ಚಹಾದ ಹೊತ್ತಿಗೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಎರಡು ಪ್ಯಾನೆಲ್ಲುಗಳು ಹುಟ್ಟಿಕೊಂಡವು. ದೊಡ್ಡ ಜಾಳಿ ಪ್ಯಾನೆಲ್ಲಿಗೆ ನಾನು ಮುಂದಾಳು. ಸಣ್ಣ ಕಣ್ಣಿನ ಪ್ಯಾನೆಲ್ಲಿಗೆ ಶಿವಲಿಂಗ ಕಾಕಾ. ಜಾಳಿ ದೊಡ್ಡದಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ, ಎಂಜಿನ್ ತಂಪಾಗಿರುತ್ತದೆ ಎಂದು ನಾನು. "ಗಾಳಿ ಬೇಕಂದ್ರ ಕೃಷ್ಣಾ ನದಿ ದಂಡಿಗೆ ಹೋಗಿ ಕುಂದ್ರು. ಗಾಡಿಗೆ ನದರ ಮುಖ್ಯ" ಎಂದು ಕಾಕಾ. ಕೊಳ್ಳುವವನು ನಾನು, ಸಾಲದ ಕಂತು ತುಂಬುವವನೂ ನಾನು, ಆದರೂ ಅವರು ಗುಟ್ಟಾಗಿ ಅಂಗಡಿಯಿಂದ ಅಂಗಡಿಗೆ ಹೋಗಿ ಪ್ರಚಾರ ಮಾಡಿದರು. ನಾನಾದರೂ ಸುಮ್ಮನಿದ್ದೆನೇ? ಅರಿಸಿನ ಕೊಳ್ಳಲು ಬಂದವರಿಗೆಲ್ಲ ಮೊದಲು ಮೊಬೈಲಿನಲ್ಲಿ ಜಾಳಿಯ ಚಿತ್ರ ತೋರಿಸಿ ಆಮೇಲೆ ಅರಿಸಿನದ ದರ ಹೇಳುತ್ತಿದ್ದೆ. ಒಬ್ಬ ಗಿರಾಕಿಯಂತೂ ಚಿತ್ರವನ್ನು ಮೆಚ್ಚಿ, ಅರಿಸಿನವನ್ನು ಮರೆತು ಹೋದ.

ಇಷ್ಟೆಲ್ಲ ನಡೆಯುವಾಗ ಅವ್ವನ ವಿಚಾರ ಮಾತ್ರ ಯಾರ ಅಜೆಂಡಾದಲ್ಲೂ ಇರಲಿಲ್ಲ. ಅದನ್ನು ಇಲ್ಲಿ ಹೇಳಬೇಕು. ಅವ್ವನ ತಂಗಿ, ನಮ್ಮ ಮಾವಶಿ, ಮಿರಜಿನಲ್ಲಿದ್ದಾಳೆ. ಗುರುವಾರ ಮಾಲಿನ ಗಾಡಿ ಹೊರಟಾಗ ಅವ್ವ ನನ್ನ ಪಕ್ಕದ ಸೀಟಿನಲ್ಲಿ ಶೇಂಗಾ ಹಿಂಡಿಯ ಡಬ್ಬಿ, ಕಟಕ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತುಬಿಡುತ್ತಾಳೆ. ನಾನು ಅಂಗಡಿ ಅಂಗಡಿಗೆ ಮಾಲು ಇಳಿಸಿ ಮುಗಿಸುವತನಕ ಅಕ್ಕತಂಗಿಯರಿಬ್ಬರೂ ಕೂತು ಜಗಳವಾಡುತ್ತಾರೆ. ಜಗಳದ ವಿಷಯ ಬಹಳ ಹಳೆಯದು: ಕಸಬೆ ಡಿಗ್ರಜದ ಅವರ ತವರುಮನೆಯಲ್ಲಿದ್ದ ಎಮ್ಮೆಯ ಒಂದು ಕೋಡು ಮುರಿದದ್ದು ಬಲಗಡೆಯದೋ ಎಡಗಡೆಯದೋ. ಎಮ್ಮೆ ಸತ್ತು ಎಷ್ಟೋ ಕಾಲವಾಯಿತು, ಕೋಡಿನ ತಕರಾರು ಇನ್ನೂ ಜೀವಂತ. ಬರುವಾಗ ಅವ್ವನ ಮುಖದಲ್ಲಿ ಒಂದು ಕಳೆ ಇರುತ್ತದೆ. ಆ ಕಳೆಯ ಮೇಲೆ ಅವಳ ಮುಂದಿನ ವಾರ ನಡೆಯುತ್ತದೆ ಎಂದರೂ ತಪ್ಪಿಲ್ಲ.

ರಿಕ್ಷಾದಲ್ಲಿ ಹೋಗಬಹುದಲ್ಲ, ಬಸ್ಸಿದೆಯಲ್ಲ ಎನ್ನುತ್ತೀರಿ. ಅಲ್ಲೇ ಇರುವುದು ನಮ್ಮ ಮನೆತನದ ಮರ್ಮ. ಖಾಲಿ ಗಾಡಿ ಓಡಿಸುವುದು ನಮ್ಮಲ್ಲಿ ಪಾಪದ ಸಮೀಪದ ಕೆಲಸ. ಹೋಗುವ ಗಾಡಿಯಲ್ಲಿ ಕೂತು ಹೋಗಬೇಕು. ತನ್ನೊಬ್ಬಳಿಗಾಗಿ ಗಾಡಿ ಹೊರಡಿಸಬಾರದು. ಒಮ್ಮೆ ನಾನೇ ರಿಕ್ಷಾ ಕರೆಸಿದರೆ ಅವ್ವ ಅದನ್ನು ಬಾಗಿಲಿನಿಂದಲೇ ಹಿಂದೆ ಕಳಿಸಿದ್ದಳು. "ನನ್ನೊಬ್ಬಾಕಿ ಸಲುವಾಗಿ ಅಷ್ಟ ದೂರ ಎಣ್ಣಿ ಸುಡೂದೇನು? ಮ್ಯಾಲ ನಾಕ ಚೀಲಾ ಇದ್ರ ಕುಂದರತಿದ್ನಿ" ಎಂದಳು. ಬಸ್ಸಿನ ಮೆಟ್ಟಿಲು, ಅಲ್ಲಿಯ ನೂಕಾಟ ಅವಳ ಮೊಣಕಾಲಿಗೆ ಆಗಿಬರುವುದಿಲ್ಲ. ಒಟ್ಟಿನಲ್ಲಿ ಪಿಕಪ್ ಉಂಟಾದರೆ ಮಾವಶಿ ಉಂಟು, ಇಲ್ಲವಾದರೆ ಫೋನು. ಫೋನಿನಲ್ಲಿ ಎಮ್ಮೆಯ ಜಗಳ ರುಚಿ ಹತ್ತುವುದಿಲ್ಲ ಎಂದು ಅವಳೇ ಹೇಳುತ್ತಿರುತ್ತಾಳೆ.

ಸರಿ, ಗಾಡಿ ನೋಡಲು ಹೊರಟೆವು. ನಾನು, ಶೈಲಾ, ಅವ್ವ. ಪ್ರತಿಪಕ್ಷದ ನಾಯಕರಾಗಿ ಶಿವಲಿಂಗ ಕಾಕಾ. ನಮ್ಮವರು ಯಾವುದನ್ನೇ ನೋಡಲು ಹೋದರೂ ಹೆಣ್ಣು ನೋಡಲು ಹೋದಂತೆಯೇ ಹೋಗುತ್ತಾರೆ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಶೋರೂಮಿನವರೂ ಬೀಗರ ಹಾಗೆ ಕುರ್ಚಿ ಹಾಕಿ, ಚಹಾ ಬಿಸ್ಕೀಟು ತಂದರು. ಅವ್ವ ದೊಡ್ಡ ಜಾಳಿಯ ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದಳು. ಬಾಗಿಲ ಹತ್ತಿರ ಕೈಯಾಡಿಸಿದಳು, ನೆಲ ನೋಡಿದಳು, ಮತ್ತೆ ಬಾಗಿಲು ನೋಡಿದಳು. ಬಣ್ಣದ ನುಣುಪನ್ನು ಪರೀಕ್ಷಿಸುತ್ತಿದ್ದಾಳೆಂದು ನಾನು ಹಿಗ್ಗಿದೆ. "ಆಜೀ, ಬಸಾ ನಾ ಆತ" ಎಂದು ಶೋರೂಮಿನವನು ಅವಳು ಒಳಗೆ ಕೂಡಲೆಂದು ಬಾಗಿಲು ತೆರೆದ. "ಪೂಜಾ ಆಗಲಿ, ಆಮ್ಯಾಲ ಕುಂದರತೇನಿ" ಎಂದಳು. ಹೇಗೈತಿ ಎಂದು ನಾನು ಕೇಳಿದೆ. "ಛಲೋ ಐತಿ" ಎಂದಳು. ಸಣ್ಣ ಕಣ್ಣಿನ ಶೋರೂಮಿಗೆ ಹೋದಾಗಲೂ ಅದೇ ಸುತ್ತು, ಅದೇ ಚಹಾ, ಅದೇ "ಛಲೋ ಐತಿ". ಹೊರಗೆ ಬಂದ ಮೇಲೆ ಅವ್ವನ ಮತ ತಮ್ಮ ಪ್ಯಾನೆಲ್ಲಿಗೆ ಬಿತ್ತೆಂದು ಕಾಕಾ, ನಮ್ಮದಕ್ಕೆ ಬಿತ್ತೆಂದು ನಾನು, ದಾರಿಯುದ್ದಕ್ಕೂ ವಾದ ಮಾಡಿದೆವು.

ಹೆಣ್ಣು ನೋಡಲು ಹೋದ ಮನೆಯಲ್ಲಿ ಚಹಾ ಕುಡಿದು, ಅದೇ ಹೊಸ್ತಿಲೊಳಗೆ ನಿಂತು ಕುಂದು ಎತ್ತುವುದು ನಮ್ಮಲ್ಲಿ ಮರ್ಯಾದೆಯಲ್ಲ. ಅಲ್ಲಿ "ಛಲೋ ಐತಿ" ಎನ್ನಬೇಕು. ನಿಜವಾದ ಅಭಿಪ್ರಾಯ ಮನೆಗೆ ಬಂದ ಮೇಲೆ, ಅದೂ ಯಾರಾದರೂ ಕೇಳಿದರೆ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಶೈಲಾಳನ್ನು ನೋಡಲು ಹೋದಾಗಲೂ ಅವ್ವ "ಛಲೋ ಐತಿ" ಎಂದೇ ಬಂದಿದ್ದಳು. ಮನೆಗೆ ಬಂದು ನಾನೇ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಗಾಡಿಯ ವಿಷಯದಲ್ಲಿ ಕೇಳುವುದು ಮರೆತುಹೋಯಿತು. ಮದುವೆಗಿಂತ ಗಾಡಿಯ ಅವಸರ ನನಗೆ ಹೆಚ್ಚಾಗಿತ್ತು ಎಂದು ಶೈಲಾ ಈಗಲೂ ಚುಚ್ಚುತ್ತಾಳೆ.

ದೊಡ್ಡ ಜಾಳಿ ಗೆದ್ದಿತು. ಹಳೆಯ ಪಿಕಪ್ಪನ್ನು ಶೋರೂಮಿನವರಿಗೇ ಕೊಟ್ಟು, ಹೊಸದನ್ನು ಮನೆಯ ಮುಂದೆ ತಂದು ನಿಲ್ಲಿಸಿದೆ. ಅವ್ವ ವಿಭೂತಿ ಹಚ್ಚಿ, ಆರತಿ ಎತ್ತಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಕಾಕಾ ಪೇಢೆ ತಿಂದು ಸೋಲೊಪ್ಪಿಕೊಂಡರು. ಗುರುವಾರ ಬಂತು. ಮಾಲು ಹೇರಿ, ಜಾಳಿ ಒರೆಸಿ, ಅವ್ವನನ್ನು ಕರೆದೆ. "ಇವತ್ತ ಮೊಣಕಾಲ ಹಿಡದಾವು, ನೀ ಹೋಗಿ ಬಾ" ಎಂದಳು. ಮುಂದಿನ ಗುರುವಾರ ಯಾವುದೋ ವ್ರತ. ಅದರ ಮುಂದಿನದಕ್ಕೆ, "ಆಕಿಗೇನ ಕೆಲಸಿಲ್ಲ, ಬರೇ ಜಗಳಾ ತಗಿತಾಳ, ಬ್ಯಾಡ ಬಿಡು" ಎಂದಳು. ಅವ್ವ ಜಗಳಕ್ಕೆ ಬೇಡವೆಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳನ್ನು ಬಿಟ್ಟು ಒಬ್ಬನೇ ಮಾವಶಿಯ ಮನೆಗೆ ಹೋದರೆ ಉತ್ತರ ಕೊಡಬೇಕಾಗುತ್ತದೆಂದು ನಾನು ಆ ಓಣಿಗೆ ತಿರುಗದೆ, ಮಾಲು ಇಳಿಸಿ ಹಾಗೇ ವಾಪಸು ಬರುತ್ತಿದ್ದೆ. ಪಕ್ಕದ ಸೀಟು ಖಾಲಿ, ಶೇಂಗಾ ಹಿಂಡಿಯ ವಾಸನೆಯಿಲ್ಲ. ಎದುರಿಗೆ ಬರುವವರೆಲ್ಲ ಜಾಳಿ ನೋಡುತ್ತಿದ್ದರು, ನನಗೆ ಮಾತ್ರ ಯಾಕೋ ಮಜವೇ ಇರಲಿಲ್ಲ.

ಕೊನೆಗೆ ಶೈಲಾ ರೊಟ್ಟಿ ಬಡಿಯುತ್ತ ಹೇಳಿದಳು, "ಅತ್ತಿಯವರಿಗೆ ಅದರಾಗ ಹತ್ತಾಕ ಬರೂದಿಲ್ರೀ. ನೀವು ಅಂಗಡಿಗೆ ಹೋದಾಗ ಎರಡ ಸಲಾ ಹತ್ತಿ ನೋಡಿದ್ರು, ಆಗಲಿಲ್ಲ. ಹಳೇದಕ್ಕ ಮಾವನೋರು ಕಾಲಿಟ್ಟು ಹತ್ತಾಕ ಕಬ್ಬಿಣದ ಪಾಯರಿ ಮಾಡಿಸಿದ್ರು, ಹಿಡಕೊಳ್ಳಾಕ ಒಂದ ಹಿಡಿಕಿ ಇತ್ತು. ಇದಕ್ಕ ಏನೂ ಇಲ್ಲ."

"ಮತ್ತ ಹೇಳಬೇಕಲ್ಲ?" ಎಂದೆ.

"ಮುದುಕಿ ಕಾಲ ನೋಡಿ ವ್ಯಾಪಾರದ ಗಾಡಿ ತಗೋತಾರೇನು, ಬಿಡ ಅಂದ್ರು. ನಿಮಗ ಹೇಳಬ್ಯಾಡ ಅಂತ ಆಣಿ ಹಾಕ್ಯಾರ."

ಅಷ್ಟು ದಿನ ಆ ಪಾಯರಿಯ ಪಕ್ಕವೇ ಓಡಾಡಿದ್ದೇನೆ, ಅದರ ಮೇಲೆ ಕಾಲಿಟ್ಟು ಚಪ್ಪಲಿಯ ಕೆಸರು ಒರೆಸಿದ್ದೇನೆ. ಅದು ಕಂಪನಿಯಿಂದಲೇ ಬಂದದ್ದೆಂದು ತಿಳಿದಿದ್ದೆ. ಅಪ್ಪ ಅದನ್ನು ಅವ್ವನಿಗಾಗಿ ಮಾಡಿಸಿದ್ದನೆಂಬುದು ನನಗೆ ಹೊಳೆದೇ ಇರಲಿಲ್ಲ. ಗಾಡಿಯ ಮುಖ ಕಂಡ ಕಣ್ಣಿಗೆ ಅವ್ವನ ಕಾಲು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅಡುಗೆಮನೆಯ ಸ್ಟೂಲು ತಂದಿಟ್ಟು ಹತ್ತಿಸೋಣವೆಂದು ನೋಡಿದೆ. ಹಿಡಿದುಕೊಳ್ಳಲು ಏನೂ ಇಲ್ಲದೆ ಸ್ಟೂಲು ಅಲುಗಾಡಿತು, ಅವ್ವ ಶೈಲಾಳ ಕಡೆ ಕಣ್ಣು ಕೆಂಪಗೆ ಮಾಡಿ ಇಳಿದುಬಿಟ್ಟಳು.

ಮರುದಿನ ಗಾಡಿಯನ್ನು ಕಾರಖಾನೆಗಳಿರುವ ಕುಪವಾಡ ಎಂಐಡಿಸಿಗೆ ಒಯ್ದು ಒಂದು ವೆಲ್ಡಿಂಗ್ ಶೆಡ್ಡಿನ ಮುಂದೆ ನಿಲ್ಲಿಸಿದೆ. ಹಳೆಯ ಗಾಡಿಯದರಂಥದೇ ಅಗಲ ಪಾಯರಿ, ಅಂಥದೇ ಉದ್ದ ಹಿಡಿಕೆ ಎಂದು ಹೇಳಿದೆ. ಕೋರಾ ಹೊಸ ಗಾಡಿಗೆ ಬೆಂಕಿ ತಾಗಿಸುವುದೇ ಎಂದು ವೆಲ್ಡರ್ ಹಿಂಜರಿದ. ಕಿಡಿ ಹಾರುವಾಗ ನಾನು ಆ ಕಡೆ ತಿರುಗಿ ನಿಂತು ಎರಡು ಚಹಾ ಕುಡಿದೆ. ಕೆಲಸವೇನೋ ಗಟ್ಟಿಯಾಯಿತು, ಆದರೆ ಅಂಥ ನವಿರಾದ ಗಾಡಿಯ ಪಕ್ಕೆಗೆ ಬಾವಿಯ ಮೆಟ್ಟಿಲು ಅಂಟಿಸಿದ ಹಾಗೆ ಕಾಣುತ್ತಿತ್ತು. ಶಿವಲಿಂಗ ಕಾಕಾ ಕಟ್ಟೆಯಿಂದ ಇಳಿದು ಬಂದು, ಬಗ್ಗಿ ನೋಡಿ, "ಕಂಪನಿಯವರು ಕುಂತು ನಿಂತು ಡಿಜೈನ್ ಮಾಡಿದ್ರು, ನೀ ಒಂದ ಮಧ್ಯಾಹ್ನದಾಗ ತಿದ್ದಿದೆಲ್ಲೋ" ಎಂದರು. ನಾನು ಅದನ್ನು ಅನುಮೋದಿಸಲಿಲ್ಲ.

ಗುರುವಾರ ಅವ್ವನಿಗೆ ಮೊಣಕಾಲು ನೋವಿರಲಿಲ್ಲ, ವ್ರತವೂ ಇರಲಿಲ್ಲ. ಪಾಯರಿಯನ್ನು ಒಂದು ಗಳಿಗೆ ನೋಡಿದಳು. ಹಿಡಿಕೆ ಹಿಡಿದು, ಸರಕ್ಕನೆ ಹತ್ತಿ ಕೂತು, "ಹಿಂದ ಚೀಲಾ ಹೇರೀಯೋ ಇಲ್ಲೋ?" ಎಂದು ಕೇಳಿದಳು. ಮಿರಜಿನ ಓಣಿಯಲ್ಲಿ ಮಾವಶಿ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಇಳಿಯುವುದನ್ನೇ ನೋಡುತ್ತಿದ್ದವಳ ಕಣ್ಣು ಪಾಯರಿಯ ಮೇಲೆ ಬಿತ್ತು, ಹಿಡಿಕೆಯ ಮೇಲೆ ಬಿತ್ತು. "ಹಳೇ ಗಾಡಿಗೇ ಬಣ್ಣಾ ಹೊಡಿಸೀಯೇನೋ ಮಲ್ಲಪ್ಪಾ? ಛಂದ ಕಾಣತೈತಿ" ಎಂದಳು. ಜಾಳಿಯ ಕಥೆ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಹೂಂ, ಬಣ್ಣಾ ಹೊಡಿಸ್ಯಾನ" ಎಂದುಬಿಟ್ಟಳು. ದೃಷ್ಟಿಯಾದೀತೆಂದು ನಮ್ಮ ಮನೆಯಲ್ಲಿ ಹೊಸದನ್ನು ಹೊಸದೆಂದು ಒಪ್ಪುವ ರೂಢಿಯಿಲ್ಲ, ತಂಗಿಯಾದರೂ ಅಷ್ಟೇ.

ಮಾವಶಿಗೆ ಬಹಳ ಸಮಾಧಾನವಾಯಿತು. ಚಹಾ ಕೊಡುತ್ತ, "ಶಾಣ್ಯಾ ಅದಿ. ನಮ್ಮ ಓಣ್ಯಾಗ ಒಬ್ಬಾಂವ ಬರೇ ಮುಖಾ ನೋಡಿ ಹೊಸಾ ಗಾಡಿ ತಂದಾನ, ಮೂರ್ಖ. ಅವನ ಅವ್ವಗ ಅದರಾಗ ಕಾಲ ಇಡಾಕ ಬರವಲ್ದು. ಹೆತ್ತಾಕಿಗೆ ಹತ್ತಾಕ ಬರದ ಗಾಡಿ ತಗೊಂಡು ಏನ ಮಾಡೂದು?" ಎಂದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

"ಅಂಥಾ ಮೂರ್ಖರೂ ಇರ್ತಾರ್ರಿ ಮಾವಶಿ" ಎಂದು ನಾನು ಗಂಭೀರವಾಗಿ ತಲೆಯಾಡಿಸಿ ಚಹಾ ಕುಡಿದೆ. ಅಷ್ಟಕ್ಕೆ ಸುಮ್ಮನಿರಬೇಕಿತ್ತು, ಆದರೆ ನಾಲಿಗೆ ತಡೆಯಲಿಲ್ಲ. "ಎಂಥಾ ಮುಖದ್ದರೀ ಅದು?" ಎಂದು ಕೇಳಿದೆ.

"ಏನೋ ಓರೆ ಓರೆ ಸಣ್ಣ ಕಣ್ಣಿಂದಪಾ" ಎಂದಳು.

ಅಕ್ಕತಂಗಿಯರು ಎಮ್ಮೆಯ ಕೋಡಿಗೆ ಕೈ ಹಾಕುವಷ್ಟರಲ್ಲಿ ನಾನು ಹೊರಗೆ ಓಡಿ ಬಂದು, ಪಾಯರಿಯ ಮೇಲೆ ಕೂತು, ಶಿವಲಿಂಗ ಕಾಕಾನಿಗೆ ಫೋನ್ ಹಚ್ಚಿದೆ.